ಅಚ್ಚಿನ ತಪ್ಪು

ಹೆಸರಿನ ಮುಂದೆ ‘ರಾ’ ಸೇರಿಸಿದರೆ ನಮ್ಮಲ್ಲಿ ಮರ್ಯಾದೆ.
ರಾಗ್ನಾ ಹೆಟ್ಲಾಂಡ್ ಅಕ್ಕೋರು
ಅದನ್ನು ನಾರ್ವೆಯಿಂದ ಬರುವಾಗಲೇ ತಂದಿದ್ದರು.
ನಮ್ಮಜ್ಜಿ ಅವರನ್ನು ನಂಬಿದ್ದು ಅದಕ್ಕೇ ಹೊರತು
ಬೈಬಲ್ಲಿಗಲ್ಲ.

ಅಂತ್ಸಿರಾಬೆಯಿಂದ ಒಂದು ದಿನದ ನಡಿಗೆ. ಕೆಂಪು ಗುಡ್ಡ,
ಹುಲ್ಲು ಹೊದಿಸಿದ ಶಾಲೆ, ಅದರ ಬೆನ್ನಿಗಂಟಿದ ಅಚ್ಚುಕೂಟ.
ಹನ್ನೊಂದಕ್ಕೆ ನಾನಲ್ಲಿ ಸೀಸದ ಮೊಳೆ ತೊಳೆಯುವವ,
ಇಪ್ಪತ್ತಕ್ಕೆ ಜೋಡಿಸುವವ.
ತಲೆಕೆಳಗಾದದ್ದನ್ನೇ ಓದಿ ಓದಿ
ನೆಟ್ಟಗಿರುವುದನ್ನು ಓದುವಾಗ ಈಗಲೂ ತಡವರಿಸುತ್ತೇನೆ.

ಅಕ್ಕೋರು ಲೆಕ್ಕ ಕಲಿಸಿದರು, ಹೊಲಿಗೆ, ನಾಲ್ಕು ದನಿಯ ಕೀರ್ತನೆ.
ಜ್ವರದ ವರ್ಷ ಎಲ್ಲ ಬಿಟ್ಟು
ಬೆಳಗ್ಗೆ ಕ್ವಿನೈನ್ ಅಳೆದರು,
ಸಂಜೆ ಸುತ್ತುವ ಚಾಪೆ ಅಳೆದರು.
ಆಮೇಲೆ ಬರೆಯತೊಡಗಿದರು.

ಮೊದಲು ಚರಿತ್ರೆ. ಮಿಷನ್ನಿನ ನಲವತ್ತು ವರ್ಷ, ನಮ್ಮ ಭಾಷೆಯಲ್ಲೇ.
ರಾತ್ರಿಯ ಹಾಳೆ ಬೆಳಗ್ಗೆ ನನ್ನ ಮೇಜಿಗೆ,
ಮೇಣದ ಹನಿ ಸಮೇತ.
ಯಾವ ಪಾದ್ರಿ ಯಾವ ಹಡಗಲ್ಲಿ ಬಂದ, ಗಂಟೆಯ ತೂಕ ಎಷ್ಟು,
ಹೆಂಚಿಗೆ ಬಿದ್ದ ಖರ್ಚೆಷ್ಟು.
ಪುಟ ನಲವತ್ತಾರರಲ್ಲಿ ಒಂದು ಸಾಲು, ಅಂಕೆಯಲ್ಲಿ:
ಆ ವರ್ಷ ಜ್ವರಕ್ಕೆ 17 ಮಕ್ಕಳು.

ಹದಿನೆಂಟು, ಅಂದೆ.

ದಪ್ಪ ದಾಖಲೆ ತಂದು ಬೆರಳಿಟ್ಟು ಎಣಿಸಿದರು. ಹದಿನೇಳೇ.
ನನ್ನ ತಂಗಿಗೆ ದೀಕ್ಷಾಸ್ನಾನ ಆಗಿರಲಿಲ್ಲ,
ಭಾನುವಾರ ಆಗಬೇಕಿತ್ತು, ಗುರುವಾರ ಹೋದಳು.
ರಾವುಲಾ. ಅವಳಿಗೂ ‘ರಾ’ ಇತ್ತು. ಬೆಳ್ಳಿ ಅಂತ ಅರ್ಥ.
‘ಚರಿತ್ರೆಗೆ ಸಾಕ್ಷಿ ಬೇಕಪ್ಪಾ’ ಎಂದರು, ಮುಖ ನೋಡದೆ.
ಸಾಕ್ಷಿ ಎದುರಿಗೇ ನಿಂತಿತ್ತು, ಕೈಗೆ ಮಸಿ ಮೆತ್ತಿಕೊಂಡು.
ಜೋಡಿಸಿದೆ. ಸಂಬಳದವ ನಾನು.

ಅವರು ಊರಿಗೆ ಹೋಗಿ ಎಂಟು ವರ್ಷಕ್ಕೆ
ಸ್ಟಾವಾಂಗರಿನಿಂದ ಒಂದು ಕಟ್ಟು. ನೀಲಿ ರಟ್ಟಿನ ಕಾದಂಬರಿ,
ಅವರ ಭಾಷೆಯಲ್ಲಿ.
ನನಗೆ ಬರುವ ನಾರ್ವೇಜಿಯನ್
ಸ್ತೋತ್ರದಷ್ಟು, ಮತ್ತೆ ಬೈಗುಳದಷ್ಟು.
ಮಳೆಗಾಲವಿಡೀ ಹಿಡಿಯಿತು.

ಅದರಲ್ಲೊಬ್ಬ ಹುಡುಗಿ. ಜ್ವರ ಬರುತ್ತದೆ.
ಬಿಡುತ್ತದೆ.
ಅಷ್ಟೇ, ಒಂದೇ ಪದದಲ್ಲಿ ಬಿಟ್ಟುಬಿಡುತ್ತದೆ.
ಬೆಳೆಯುತ್ತಾಳೆ, ಕನ್ನಡಕ ಹಾಕುತ್ತಾಳೆ,
ಅಕ್ಕಿಯ ಬೆಲೆಗೆ ಗಂಡನ ಜೊತೆ ಜಗಳ ತೆಗೆಯುತ್ತಾಳೆ.
ಮುಂಗೈಯಲ್ಲಿ ಸುಟ್ಟ ಕಲೆ, ಗಂಜಿ ಚೆಲ್ಲಿ ಆದದ್ದು.
ಆ ಕಲೆ ನನಗೆ ಗೊತ್ತು.
ಚೆಲ್ಲಿದವನು ನಾನು.

ಕೋಪ ಬಂತು, ಸುಳ್ಳೇಕೆ ಹೇಳಲಿ.
ಒಂದು ಪುಸ್ತಕದಲ್ಲಿ ಲೆಕ್ಕಕ್ಕಿಲ್ಲ, ಇನ್ನೊಂದರಲ್ಲಿ ಸಾವೇ ಇಲ್ಲ;
ನಡುವೆ ನನ್ನ ರಾವುಲಾ ಎಲ್ಲಿ?

ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಗೋರಿ ತೆರೆದು
ನಮ್ಮವರ ಎಲುಬಿಗೆ ಹೊಸ ರೇಷ್ಮೆ ಸುತ್ತುತ್ತೇವೆ,
ಹೆಗಲಿಗೆತ್ತಿ ಕುಣಿಯುತ್ತೇವೆ, ಊರ ಸುದ್ದಿ ಹೇಳುತ್ತೇವೆ:
ಯಾರಿಗೆ ಮದುವೆ, ಯಾರ ಗೂಳಿ ಕಳುವಾಯಿತು.
ಪುಟ ಎಂಬತ್ತೊಂದರಲ್ಲಿ ಅಕ್ಕೋರು ಅದನ್ನು ಅಂಧಕಾರ ಎಂದಿದ್ದರು.
ಆ ಪದವನ್ನೂ ಮೊಳೆ ಮೊಳೆಯಾಗಿ ಜೋಡಿಸಿದವನು ನಾನೇ.
ಈಗ ಆ ಚಳಿಯ ಊರಿನಲ್ಲಿ ಒಬ್ಬರೇ ಕೂತು
ಮುನ್ನೂರು ಪುಟ ಸುತ್ತಿದ್ದಾರೆ.
ಕುಣಿದರೋ ಇಲ್ಲವೋ, ತಿಳಿಯದು.

ಚರಿತ್ರೆಯ ಎರಡನೇ ಮುದ್ರಣಕ್ಕೆ ಹೊಸ ಪಾದ್ರಿಯ ಅಪ್ಪಣೆಯಾಯಿತು.
ಪುಟ ನಲವತ್ತಾರು. ಚಿಮಟದಲ್ಲಿ ಏಳನ್ನು ಎತ್ತಿ
ಎಂಟನ್ನು ಇಟ್ಟೆ.
ಆ ಲಿಪಿಯ ಏಳು ಸೀಸದಲ್ಲಿ ಹಿಮ್ಮುಖ,
ಕಾಗದಕ್ಕೆ ಬಿದ್ದ ಮೇಲೇ ಅದಕ್ಕೆ ಮುಖ.
ಎಂಟು ಹಾಗಲ್ಲ. ಒಂದರ ಮೇಲೊಂದು ಕೂತ ಎರಡು ಸೊನ್ನೆ;
ಕನ್ನಡಿಯ ಈಚೆಗೂ ಎಂಟು, ಆಚೆಗೂ ಎಂಟು.
ಸಾವಿರಾರು ಪುಟ ಜೋಡಿಸಿದ ಈ ಕೈ
ತಾನಾಗಿ ಬರೆದದ್ದು ಅದೊಂದೇ.

ಪ್ರತಿ ಸ್ಟಾವಾಂಗರಿಗೂ ಹೋಯಿತು.
ಏಳು ತಿಂಗಳಿಗೆ ಕಾರ್ಡು ಬಂತು, ನಡುಗುವ ಅಕ್ಷರ:
‘ಪುಟ ನಲವತ್ತಾರರಲ್ಲಿ ಒಂದು ಅಚ್ಚಿನ ತಪ್ಪು ಕಂಡೆ.
ತಿದ್ದುವುದು ಬೇಡ.
ಇಲ್ಲಿ ಈ ಸಲ ಸೇಬು ಚೆನ್ನಾಗಿ ಬಿಟ್ಟಿದೆ.’